ವಿಮಾನಕ್ಕೆ ಜಾಗವಿದೆ, ಆನೆಗಿಲ್ಲ

ಮನೆ ವಿಮೆಯ ಭಾರತ್ ಗೃಹ ರಕ್ಷಾ ಪಾಲಿಸಿಯನ್ನು ಸರಳ ಬರವಣಿಗೆಯ ಮಾದರಿ ಎಂದು ಹೊಗಳುವುದು ರೂಢಿಯಾಗಿದೆ. ವಿಮಾ ನಿಯಂತ್ರಣ ಪ್ರಾಧಿಕಾರ 2021ರ ಏಪ್ರಿಲ್ 1ರಿಂದ ಜಾರಿಗೆ ತಂದ ಇದನ್ನು ವಯನಾಡಿನ ಪುಲ್ಪಳ್ಳಿಯಲ್ಲಿ ಕೂತು ಓದಿದರೆ ಆ ಹೊಗಳಿಕೆಯಲ್ಲಿ ಅರ್ಧವೂ ಉಳಿಯುವುದಿಲ್ಲ.

ಒಳ್ಳೆಯದನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯ ಬೆಲೆಗಿಂತ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದೀರಿ ಎಂದು ಪರಿಹಾರ ಕತ್ತರಿಸುವ ಹಳೆಯ ಪದ್ಧತಿ ಇದರಲ್ಲಿಲ್ಲ. ಭೂಕುಸಿತಕ್ಕೂ ರಕ್ಷಣೆಯಿದೆ, 2024ರ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲ ಕಳೆದುಕೊಂಡ ಜಿಲ್ಲೆಗೆ ಅದು ಸಣ್ಣ ಮಾತಲ್ಲ.

ಆದರೆ ಕಾಡಂಚಿನವರ ಮೊದಲ ಪ್ರಶ್ನೆ ಬೇರೆ: ಆನೆ ಬಂದು ಗೋಡೆ ಕೆಡವಿದರೆ ದುಡ್ಡು ಬರುತ್ತದೆಯೇ? 2024ರ ಫೆಬ್ರುವರಿಯಲ್ಲಿ ಆನೆ ದಾಳಿಯ ಸಾವಿಗೆ ಸಿಡಿದು ಬೀದಿಗಿಳಿದ ಊರು ಪುಲ್ಪಳ್ಳಿ. ಕಬಿನಿಯಾಚೆಯ ನಮ್ಮ ಬೈರಕುಪ್ಪೆಯವರದೂ ಇದೇ ಪ್ರಶ್ನೆ. ಉತ್ತರ ಇರಬೇಕಾದದ್ದು ಡಿಕ್ಕಿಯ ಹಾನಿಯ ಕಲಮಿನಲ್ಲಿ. ಹೊರಗಿನ ಯಾವುದೇ ಭೌತಿಕ ವಸ್ತು ಬಡಿದರೂ ಪರಿಹಾರ ಎನ್ನುವ ಆ ಕಲಮು ಉದಾಹರಣೆಗೆ ವಾಹನ, ಉರುಳುವ ಮರ, ವಿಮಾನ, ಗೋಡೆಗಳನ್ನು ಹೆಸರಿಸಿ 'ಇತ್ಯಾದಿ' ಎಂದು ನಿಲ್ಲುತ್ತದೆ. ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನದ ಗಾಳಿಯೊತ್ತಡದಿಂದಾದ ಹಾನಿಗೆ ಪರಿಹಾರವಿಲ್ಲ ಎಂಬುದನ್ನೂ ಮರೆಯದೆ ಹೇಳುತ್ತದೆ. ಪ್ರಾಣಿಯ ಸುದ್ದಿಯೇ ಇಲ್ಲ. ಗೃಹ ರಕ್ಷಾ ತಳ್ಳಿಹಾಕಿದ ಹಳೆಯ ಬೆಂಕಿ ವಿಮೆಯ ಪಾಲಿಸಿ, ವಕೀಲರ ಭಾಷೆಯೆಂದು ಎಲ್ಲರೂ ಬೈದ ಪಾಲಿಸಿ, ವಾಹನದ ಜೊತೆಗೇ ಪ್ರಾಣಿಯನ್ನೂ ಹೆಸರಿಸಿತ್ತು: ಅದು ವಿಮೆದಾರನ ಸ್ವಂತದ್ದಾಗಿರಬಾರದು, ನೇರವಾಗಿ ತಾಗಿರಬೇಕು, ಅಷ್ಟೆ.

'ಇತ್ಯಾದಿಯಲ್ಲಿ ಆನೆಯೂ ಬರುತ್ತದಲ್ಲ' ಎನ್ನುವ ವಿಮಾ ಪಂಡಿತರೊಂದಿಗೆ ನನಗೆ ಜಗಳವಿದೆ. ಕಾನೂನಿನ ಪ್ರಕಾರ ಅವರು ಹೇಳುವುದು ಸರಿ. ಮಾತು ಅಸ್ಪಷ್ಟವಿದ್ದರೆ ಬರೆದ ಕಂಪನಿಯ ವಿರುದ್ಧವೇ ಅರ್ಥೈಸಬೇಕೆಂಬ ತತ್ವವೂ ಇದೆ. ಆದರೆ ಆ ತತ್ವ ಕೈಗೆ ಬರುವುದು ಗ್ರಾಹಕರ ಆಯೋಗದ ಮೆಟ್ಟಿಲು ಹತ್ತಿದ ಮೇಲೆ. ಒಂದು ಕೋಣೆಯ ಗೋಡೆ, ನಾಲ್ಕು ಶೀಟು ಕಳೆದುಕೊಂಡ ಮೆಣಸಿನ ಬೆಳೆಗಾರ ಅಷ್ಟು ದೂರ ಹೋಗುವುದಿಲ್ಲ. ಏಜೆಂಟ್ 'ಅರಣ್ಯ ಇಲಾಖೆಯಲ್ಲಿ ಕೇಳಿ' ಎಂದರೆ ತಲೆಯಾಡಿಸಿ ಮನೆಗೆ ಬರುತ್ತಾನೆ. 'ಜನ ಪಾಲಿಸಿ ಓದುವುದಿಲ್ಲ' ಎಂದು ದೂರುವವರು ಇದಕ್ಕೆ ಉತ್ತರಿಸಲಿ: ಓದಿದವನಿಗೆ ಇಲ್ಲಿ ಏನು ಸಿಕ್ಕಿತು?

ಮನೆಗೆ ಹೋಲಿಸಿದರೆ ಜೀಪಿನ ಮಾತು ಸುಲಭ. ಫುಲ್ ಇನ್ಶೂರೆನ್ಸ್ ಇದ್ದರೆ ಆನೆ ಮಾಡಿದ ಜಖಂ ಸೇರುತ್ತದೆ, ಬರೀ ಥರ್ಡ್ ಪಾರ್ಟಿ ಇದ್ದರೆ ಇಲ್ಲ. ಪೇಟೆಯ ಅಂಗಡಿಗಳಿಗಿರುವ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯೂ ಗೃಹ ರಕ್ಷಾದ ಜೊತೆಗೇ ಬಂದದ್ದು, ಅದೇ ಅಚ್ಚಿನದು.

ಬೆಳೆ ವಿಮೆಯಲ್ಲಿ ಕಾಡುಪ್ರಾಣಿ ಹಾನಿಯನ್ನು 2026ರ ಮುಂಗಾರಿನಿಂದ ಸೇರಿಸುವುದಾಗಿ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ಗದ್ದೆಗೆ ನುಗ್ಗುವ ಆನೆಯನ್ನು ಹೆಸರು ಹಿಡಿದು ಬರೆಯಲು ಸಾಧ್ಯವಾದ ಮೇಲೆ ಅಡುಗೆಮನೆಯ ಗೋಡೆ ಒಡೆಯುವ ಆನೆಯನ್ನು ಬರೆಯಲು ಪ್ರಾಧಿಕಾರಕ್ಕೆ ಅಡ್ಡಿಯೇನು?