ಎರವಲು ಒಡವೆಯ ಋಣ

ಒಬ್ಬರ ವಸ್ತುವು ಮತ್ತೊಬ್ಬರ ಕೈಯಲ್ಲಿದ್ದಾಗ ಕೆಟ್ಟರೆ ಅಥವಾ ಕಳೆದುಹೋದರೆ ಅದನ್ನು ತುಂಬಿಕೊಡಬೇಕೆಂಬುದು ಮಕ್ಕಳಿಗೂ ತಿಳಿದ ಮಾತು. ಮದುವೆಗೆಂದು ನೆರೆಮನೆಯಿಂದ ತಂದ ಪಾತ್ರೆ ಸೀಳಿದರೆ ಬೆಸೆಯಿಸಿ ಕೊಡುವುದೂ, ಓದುವುದಕ್ಕೆಂದು ತಂದ ಪುಸ್ತಕವು ಮಳೆಯಲ್ಲಿ ನೆನೆದರೆ ಬೇರೊಂದು ಪ್ರತಿಯನ್ನು ಕೊಂಡು ಕೊಡುವುದೂ ಲೋಕರೂಢಿಯೇ ಆಗಿದೆ. ಆದರೆ ವಸ್ತುವಿನ ಒಡೆಯನು ಸ್ನೇಹಿತನಾಗಿದ್ದಲ್ಲಿ ಈ ಸುಲಭವಾದ ಧರ್ಮವೇ ಸೂಕ್ಷ್ಮವಾಗುತ್ತದೆ. ಬೆಲೆಯನ್ನು ಮುಂದೆ ಹಿಡಿದರೆ ಅವನು ನೊಂದುಕೊಳ್ಳುವನೋ, ಹಿಡಿಯದಿದ್ದರೆ ಮನಸ್ಸಿನಲ್ಲಿ ಇಟ್ಟುಕೊಳ್ಳುವನೋ ಎಂಬ ಸಂಕೋಚವು ಸಾಹುಕಾರನ ಸಾಲದಲ್ಲಿ ಇಲ್ಲದ್ದು. ಈ ಸಂಕೋಚವನ್ನೇ ಬೀಜವಾಗಿ ಮಾಡಿಕೊಂಡು ಬೆಳೆದ ಎರಡು ಕೃತಿಗಳು, ಒಂದು ಈ ದೇಶದ್ದು, ಇನ್ನೊಂದು ಫ್ರಾನ್ಸಿನದು, ಒಟ್ಟಿಗೆ ಇಟ್ಟು ನೋಡತಕ್ಕವಾಗಿವೆ. ಮೊದಲನೆಯದು ಶೂದ್ರಕನ ಮೃಚ್ಛಕಟಿಕ. ಎರಡನೆಯದು ಗೀ ದ ಮೊಪಾಸಾ 1884ರಲ್ಲಿ ಬರೆದ, ಕಂಠಹಾರದ ಕಥೆಯೆಂದು ಪ್ರಸಿದ್ಧವಾದ ಸಣ್ಣಕಥೆ.

ಫ್ರೆಂಚ್ ಕಥೆಯನ್ನು ಮೊದಲು ನೋಡಬಹುದು. ಪ್ಯಾರಿಸ್ಸಿನ ವಿದ್ಯಾ ಇಲಾಖೆಯ ಗುಮಾಸ್ತ ಲ್ವಾಜೆಲನ ಹೆಂಡತಿ ಮಾತಿಲ್ಡೆಗೆ ಮಂತ್ರಿಯ ಮನೆಯ ಔತಣಕ್ಕೆ ಕರೆ ಬರುತ್ತದೆ. ಬಂದೂಕು ಕೊಳ್ಳುವುದಕ್ಕೆಂದು ಕೂಡಿಟ್ಟಿದ್ದ 400 ಫ್ರಾಂಕುಗಳನ್ನು ಗಂಡನು ಅವಳ ಉಡುಪಿಗೆ ಕೊಡುತ್ತಾನೆ. ಆಭರಣವಿಲ್ಲವೆಂದು ಅವಳು ಬಾಲ್ಯದ ಗೆಳತಿಯಾದ ಶ್ರೀಮತಿ ಫೊರೆಸ್ತಿಯೇಯ ಬಳಿಗೆ ಹೋಗಿ ವಜ್ರದ ಹಾರವೊಂದನ್ನು ಎರವಲು ತರುತ್ತಾಳೆ. ಒಂದು ರಾತ್ರಿ ಎಲ್ಲರ ಕಣ್ಣೂ ಅವಳ ಮೇಲೆ. ಬೆಳಗಿನ ಜಾವ ಮನೆಗೆ ಬಂದು ಕನ್ನಡಿಯ ಮುಂದೆ ನಿಂತಾಗ ಕೊರಳು ಬರಿದು. ಗಂಡನು ಬೀದಿಗಳಲ್ಲಿ ಹುಡುಕುತ್ತಾನೆ, ಪೊಲೀಸರಿಗೆ ಹೇಳುತ್ತಾನೆ, ಪತ್ರಿಕೆಗಳಿಗೆ ಬರೆಯುತ್ತಾನೆ. ಕಡೆಗೆ ಇಬ್ಬರೂ ಸೇರಿ ಅಂಥದೇ ಹಾರವನ್ನು 36,000 ಫ್ರಾಂಕಿಗೆ ಕೊಂಡು ಹಿಂದಿರುಗಿಸುತ್ತಾರೆ. ಅದರಲ್ಲಿ 18,000 ಗಂಡನ ಪಿತ್ರಾರ್ಜಿತ, ಉಳಿದುದು ಸಾಲ. ಹತ್ತು ವರ್ಷ ಆಳಿಲ್ಲದೆ ಪಾತ್ರೆ ತೊಳೆದು, ನೀರು ಹೊತ್ತು, ಗಂಡನು ರಾತ್ರಿಯೆಲ್ಲ ನಕಲು ಬರೆದು ಸಾಲವನ್ನು ತೀರಿಸಿದ ಮೇಲೆ, ಮೊದಲಿನ ಹಾರವು ನಕಲಿ ಹರಳಿನದೆಂದೂ ಹೆಚ್ಚೆಂದರೆ 500 ಫ್ರಾಂಕು ಬಾಳುತ್ತಿತ್ತೆಂದೂ ಗೆಳತಿಯ ಬಾಯಿಂದಲೇ ತಿಳಿಯುತ್ತದೆ.

ಈ ಕೊನೆಯ ಮಾತಿನ ಚಮತ್ಕಾರವನ್ನು ಕೊಂಡಾಡದ ವಿಮರ್ಶಕರು ವಿರಳ. ಮಾತಿಲ್ಡೆಯ ಬಡಿವಾರಕ್ಕೆ ದೊರೆತ ಶಿಕ್ಷೆಯೆಂದು ಶಾಲೆಗಳಲ್ಲಿ ಪಾಠ ಹೇಳುವುದೂ ಉಂಟು. ಈ ಎರಡೂ ಕಥೆಯ ಮರ್ಮವನ್ನು ಮುಟ್ಟುವುದಿಲ್ಲ. ಬಡಿವಾರದ ಫಲವು ಹಾರವು ಕಳೆದ ರಾತ್ರಿಗೇ ಮುಗಿಯಿತು. ಹತ್ತು ವರ್ಷದ ದುಃಖಕ್ಕೆ ಕಾರಣವಾದದ್ದು ಅದರ ಮರುದಿನದ ಒಂದು ಚೀಟಿ. ಹಾರದ ಕೊಂಡಿ ಮುರಿದಿದೆ, ಸರಿಮಾಡಿಸಲು ಕೊಟ್ಟಿದೆ ಎಂದು ಗೆಳತಿಗೆ ಬರೆಯುವಂತೆ ಗಂಡನು ಹೇಳುತ್ತಾನೆ, ಅವಳು ಬರೆಯುತ್ತಾಳೆ. ಹುಡುಕುವುದಕ್ಕೆ ಕಾಲಾವಕಾಶ ಬೇಕೆಂಬುದಷ್ಟೇ ಉದ್ದೇಶ. ಸಣ್ಣ ಸುಳ್ಳು, ಯಾವ ಮನೆಯಲ್ಲಾದರೂ ನಡೆಯಬಹುದಾದದ್ದು. ಆದರೆ ‘ಮುರಿದಿದೆ’ ಎಂದು ಬರೆದ ಮೇಲೆ ‘ಕಳೆದಿದೆ’ ಎನ್ನುವ ದಾರಿ ಮುಚ್ಚಿಹೋಯಿತು. ಹಾರದ ಪೆಟ್ಟಿಗೆಯ ಮೇಲಿದ್ದ ಹೆಸರನ್ನು ಹಿಡಿದು ಅವರು ಆ ವರ್ತಕನಲ್ಲಿಗೆ ಹೋದಾಗ, ತಾನು ಪೆಟ್ಟಿಗೆಯನ್ನು ಮಾತ್ರ ಕೊಟ್ಟಿರಬೇಕು, ಹಾರವನ್ನಲ್ಲ ಎಂದು ಅವನು ಹೇಳುತ್ತಾನೆ. ಕಥೆಗಾರನು ಇದನ್ನು ಎಷ್ಟು ಮೆಲ್ಲಗೆ ಇಟ್ಟಿದ್ದಾನೆಂದರೆ ಮೊದಲ ಓದಿನಲ್ಲಿ ಗಮನಕ್ಕೆ ಬರುವುದೇ ಇಲ್ಲ. ಹಾರವು ಎಲ್ಲಿಯದೆಂದು ಹೇಳಬಲ್ಲವಳು ಒಬ್ಬಳೇ ಇದ್ದಳು, ಅವಳನ್ನು ಕೇಳುವಂತಿರಲಿಲ್ಲ. ಪ್ರತಿಹಾರವನ್ನು ಒಪ್ಪಿಸುವಾಗ ಫೊರೆಸ್ತಿಯೇಯು ತಡವಾಯಿತೆಂದು ಮುಖ ಗಂಟಿಕ್ಕುತ್ತಾಳೆ, ಪೆಟ್ಟಿಗೆಯನ್ನು ತೆರೆಯುವುದಿಲ್ಲ. ತೆರೆದು ನೋಡಿದರೆ ತನ್ನನ್ನು ಕಳ್ಳಿಯೆಂದುಕೊಳ್ಳುವಳೆಂಬ ಭಯ ಮಾತಿಲ್ಡೆಗೆ. ಸರ್ವಸ್ವವನ್ನೂ ತೆತ್ತು ಋಣ ತೀರಿಸುತ್ತಿರುವವಳು ಕಳ್ಳಿಯಂತೆ ನಡುಗುತ್ತ ನಿಲ್ಲಬೇಕಾದುದು ಈ ಕಥೆಯ ಅತ್ಯಂತ ದಾರುಣವಾದ ಸನ್ನಿವೇಶ, ಕೊನೆಯ ಚಮತ್ಕಾರವಲ್ಲ.

ಶಾಸ್ತ್ರದ ದೃಷ್ಟಿಯಿಂದ ಅವಳ ಹೊಣೆ ನಿರ್ವಿವಾದವಾದುದು. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವು ಉಪನಿಧಿಯ ಪ್ರಕರಣದಲ್ಲಿ, ರಾಜನಿಂದ, ದೈವದಿಂದ, ಕಳ್ಳರಿಂದ ಹೋದ ವಸ್ತುವನ್ನು ಇಟ್ಟುಕೊಂಡವನಿಂದ ಕೊಡಿಸಬಾರದೆಂದೂ, ಒಡೆಯನು ಕೇಳಿದ ಮೇಲೂ ಕೊಡದೆ ಇದ್ದು ಅನಂತರ ನಷ್ಟವಾದರೆ ಬೆಲೆಯ ಜೊತೆಗೆ ಅಷ್ಟೇ ದಂಡವನ್ನೂ ತೆರಬೇಕೆಂದೂ ವಿಧಿಸಿ, ಯಾಚಿತ, ಎಂದರೆ ಬಳಕೆಗಾಗಿ ಕೇಳಿ ತಂದ ವಸ್ತುವಿಗೂ ಇದನ್ನೇ ಅನ್ವಯಿಸುತ್ತದೆ. ಈ ಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದವನೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. 1872ರ ಕರಾರು ಶಾಸನವೂ ಇದಕ್ಕೆ ದೂರವಾದ ಮಾತನ್ನು ಹೇಳುವುದಿಲ್ಲ: ಸಾಮಾನ್ಯ ವಿವೇಕವುಳ್ಳವನು ತನ್ನ ವಸ್ತುವನ್ನು ಕಾಯುವಷ್ಟು ಎಚ್ಚರದಿಂದ ಪರರ ವಸ್ತುವನ್ನು ಕಾದರೆ ಸಾಕು. ಆದರೆ ಶಾಸ್ತ್ರವು ಅಳೆಯುವುದು ವಸ್ತುವಿನ ಬೆಲೆಯನ್ನು ಮಾತ್ರ.

ಇದೇ ಅಳತೆಗೋಲಿನಿಂದ ನೋಡಿದರೆ ಮೃಚ್ಛಕಟಿಕದ ಚಾರುದತ್ತನು ಒಂದು ಕಾಸನ್ನೂ ತೆರಬೇಕಾಗಿರಲಿಲ್ಲ. ವಸಂತಸೇನೆಯು ಒಡವೆಯ ಗಂಟನ್ನು ಅವನಲ್ಲಿ ನ್ಯಾಸವಾಗಿ ಇಟ್ಟದ್ದು ತಾನಾಗಿ. ಆ ಹಳೆಯ ಮನೆಯ ಭದ್ರತೆಯನ್ನಲ್ಲ, ಮನೆಯವನನ್ನು ನಂಬಿ. ಮೂರನೆಯ ಅಂಕದಲ್ಲಿ ಶರ್ವಿಲಕನು ಕನ್ನ ಕೊರೆದು ಬಂದು, ನಿದ್ದೆಗಣ್ಣಿನ ಮೈತ್ರೇಯನ ಕೈಯಿಂದಲೇ ಗಂಟನ್ನು ತೆಗೆದುಕೊಂಡು ಹೋಗುತ್ತಾನೆ. ಕಳ್ಳನು ಬರಿಗೈಯಲ್ಲಿ ಹೋಗಲಿಲ್ಲವಲ್ಲಾ ಎಂದು ಮೊದಲು ಸಂತೋಷಪಟ್ಟ ಚಾರುದತ್ತನು ಅದು ನ್ಯಾಸವೆಂಬುದು ನೆನಪಾದೊಡನೆ ಮೂರ್ಛೆ ಹೋಗುತ್ತಾನೆ. ಕೊಟ್ಟವರಾರು, ತೆಗೆದುಕೊಂಡವರಾರು, ಸಾಕ್ಷಿಯೆಲ್ಲಿ ಎಂದು ಸಾಧಿಸಿಬಿಡೋಣವೆಂದು ಮೈತ್ರೇಯನ ಉಪಾಯ. ಭಿಕ್ಷೆ ಬೇಡಿಯಾದರೂ ತುಂಬಿಕೊಡುವೆನು, ಸುಳ್ಳಾಡೆನು ಎಂಬುದು ಚಾರುದತ್ತನ ಉತ್ತರ. ಆದರೆ ಸ್ವಲ್ಪ ಹೊತ್ತಿನಲ್ಲೇ ಅವನು ಸುಳ್ಳನ್ನು ಹೇಳಿ ಕಳುಹಿಸುತ್ತಾನೆ: ನಿನ್ನ ಒಡವೆಯನ್ನು ತನ್ನದೆಂದು ಭ್ರಮಿಸಿ ಜೂಜಿನಲ್ಲಿ ಸೋತೆನು, ಬದಲಿಗೆ ಈ ರತ್ನಾವಳಿಯನ್ನು ಸ್ವೀಕರಿಸು ಎಂದು. ಕಳುವಾಯಿತೆಂದರೆ ದರಿದ್ರನ ಮಾತನ್ನು ನಂಬುವವರಾರು?

ಹೀಗೆ ಎರಡು ಕಥೆಗಳಲ್ಲಿಯೂ ಋಣವು ಸುಳ್ಳಿನೊಡನೆಯೇ ತೀರುತ್ತದೆ. ಎರಡರಲ್ಲಿಯೂ ಹೋದ ವಸ್ತುವಿಗಿಂತ ಕೊಟ್ಟ ವಸ್ತು ಬಹಳ ಹೆಚ್ಚಿನದು. ಭೇದವಿರುವುದು ಬೇರೆ ಕಡೆ. ಹೆಚ್ಚಿನದನ್ನು ಕೊಡುತ್ತಿರುವೆನೆಂದು ಮಾತಿಲ್ಡೆಗೆ ತಿಳಿಯದು. ಚಾರುದತ್ತನಿಗೆ ತಿಳಿದಿದೆ, ತಿಂದದ್ದಲ್ಲ, ಕುಡಿದದ್ದಲ್ಲ, ಕಳ್ಳರ ಪಾಲಾದ ಅಲ್ಪವಸ್ತುವಿಗೆ ಅಮೂಲ್ಯವಾದ ಹಾರವೇ ಎಂದು ಮೈತ್ರೇಯನು ಗೊಣಗಿದಾಗ, ಒಡವೆಗಲ್ಲ, ಅವಳು ಇಟ್ಟ ನಂಬಿಕೆಗೆ ಈ ಬೆಲೆಯೆಂದು ಸಮಾಧಾನ ಹೇಳುತ್ತಾನೆ. ಮಾತಿಲ್ಡೆಯ ಸುಳ್ಳು ಅವಳ ಮಾನವನ್ನು ಕಾಯುವುದಕ್ಕೆ. ಚಾರುದತ್ತನದು ತನ್ನನ್ನು ಜೂಜುಗಾರನೆಂದು ಹಳಿದುಕೊಳ್ಳುವ ಸುಳ್ಳು. ರಸಿಕರು ಇಲ್ಲಿ ಚಾರುದತ್ತನಿಗೆ ಜಯಕಾರ ಹೇಳಿ ಮುಂದೆ ಹೋಗುತ್ತಾರೆ. ಅಷ್ಟು ಅವಸರ ಬೇಡ. ಅವನೂ ಗೆಳತಿಗೆ ನಿಜವನ್ನು ತಿಳಿಸಲಿಲ್ಲ. ತಿಳಿಸಿದ್ದರೆ ಆಕೆಯು ಹೋದದ್ದು ಹೋಯಿತೆಂದು ಬಿಟ್ಟುಬಿಡಬಹುದಾಗಿತ್ತು. ಹಾನಿಯನ್ನು ಸಹಿಸುವ ಅಥವಾ ತುಂಬಿಸಿಕೊಳ್ಳುವ ಆಯ್ಕೆ ಹಾನಿಗೊಳಗಾದವರದು. ಬದಲು ವಸ್ತುವನ್ನು ಮಾತಿಲ್ಲದೆ, ಅಥವಾ ಸುಳ್ಳು ಮಾತಿನೊಡನೆ, ಮುಂದಿಟ್ಟವರು ಸ್ನೇಹಿತರಿಂದ ಆ ಆಯ್ಕೆಯನ್ನು ಕಸಿದುಕೊಂಡಂತೆಯೇ. ವಸಂತಸೇನೆಗೆ ಸತ್ಯವು ತಿಳಿದದ್ದು ಚಾರುದತ್ತನಿಂದಲ್ಲ. ಶರ್ವಿಲಕನು ಅದೇ ಒಡವೆಯನ್ನು ಹಿಡಿದು ಮದನಿಕೆಯನ್ನು ದಾಸ್ಯದಿಂದ ಬಿಡಿಸಲು ಅವಳ ಮನೆಗೇ ಬಂದದ್ದರಿಂದ. ಅದು ಕವಿಯ ಕೃಪೆ. ಮಾತಿಲ್ಡೆಗೆ ಅಂಥ ಕಳ್ಳನೊಬ್ಬನು ಒದಗಲಿಲ್ಲ.

ತೆತ್ತವರು ಯಾರೆಂಬುದನ್ನೂ ನೋಡಬೇಕು. ಲ್ವಾಜೆಲನು ಹಾರವನ್ನು ತೊಡಲೂ ಇಲ್ಲ, ಕಳೆಯಲೂ ಇಲ್ಲ. ಹೋದದ್ದು ಅವನ ತಂದೆಯ ಹಣ. ಉಜ್ಜಯಿನಿಯಲ್ಲಿ ಹೋದದ್ದು ಚಾರುದತ್ತನ ಪತ್ನಿ ಧೂತೆಯ ತವರಿನ ರತ್ನಾವಳಿ, ಆಕೆಯ ಸ್ತ್ರೀಧನ. ಗಂಡನು ನೇರವಾಗಿ ಕೊಟ್ಟರೆ ತೆಗೆದುಕೊಳ್ಳನೆಂದು ವ್ರತದ ದಾನವೆಂಬ ನೆಪದಿಂದ ಮೈತ್ರೇಯನ ಕೈಯಲ್ಲಿಡುತ್ತಾಳೆ. ಅದೂ ಯಾರ ಒಡವೆಗೆ ಬದಲಾಗಿ? ಗಂಡನ ಮನಸ್ಸನ್ನು ಗೆದ್ದ ಗಣಿಕೆಯ ಒಡವೆಗೆ. ಸ್ನೇಹಋಣದ ಭಾರವು ಸಾಮಾನ್ಯವಾಗಿ ತಪ್ಪು ಮಾಡದವರ ಮಡಿಲಿಗೆ ಬೀಳುವುದನ್ನು ಶೂದ್ರಕನು ಕಂಡಿದ್ದನು. ಆ ಪಾತ್ರಕ್ಕೆ ಇನ್ನಷ್ಟು ಮಾತುಗಳನ್ನು ಕೊಡಬಹುದಾಗಿತ್ತೆಂಬುದು ಬೇರೆ.

ಮೊಪಾಸಾನ ಕಥೆಯು ಗೆಳತಿಯ ಮಾತಿಗೆ ನಿಂತುಬಿಡುತ್ತದೆ. ಆಗ ಫೊರೆಸ್ತಿಯೇಯ ಬಳಿ 500 ಫ್ರಾಂಕಿನ ಹಾರದ ಬದಲು 36,000 ಫ್ರಾಂಕಿನದು ಇದೆ; ಈಗ ಋಣಿಯಾದವಳು ಅವಳು. ಹಿಂದಕ್ಕೆ ಕೊಡುವಳೇ? ಕೊಟ್ಟರೆ ಮಾತಿಲ್ಡೆ ತೆಗೆದುಕೊಳ್ಳುವಳೇ? ಆ ಹತ್ತು ವರ್ಷವನ್ನು ಯಾವ ಹಾರ ತುಂಬೀತು? ಕಥೆಗಾರನು ಉತ್ತರಿಸುವುದಿಲ್ಲ, ಬೆರಗಿನ ಪೆಟ್ಟು ಬಿದ್ದೊಡನೆ ಅವನ ಕೆಲಸ ಮುಗಿಯಿತು. ಶೂದ್ರಕನು ಮುಂದುವರಿಯುತ್ತಾನೆ. ಐದನೆಯ ಅಂಕದ ಬಿರುಮಳೆಯಲ್ಲಿ ವಸಂತಸೇನೆಯು ಚಾರುದತ್ತನ ಮನೆಗೆ ಬಂದಾಗ ಅವಳ ಚೇಟಿಯು, ನಮ್ಮೊಡತಿಯೂ ರತ್ನಾವಳಿಯನ್ನು ತನ್ನದೆಂದು ಭ್ರಮಿಸಿ ಜೂಜಿನಲ್ಲಿ ಸೋತಳು, ಬದಲಿಗೆ ಇದನ್ನು ತೆಗೆದುಕೊಳ್ಳಿರಿ ಎಂದು ಕಳುವಾದ ಆ ಒಡವೆಯ ಗಂಟನ್ನೇ ಮುಂದಿಡುತ್ತಾಳೆ. ಹೇಳಿದ ಸುಳ್ಳನ್ನೇ ಹಿಂದಿರುಗಿಸಿ ನಗಿಸುವ ಈ ಉಪಾಯಕ್ಕಿಂತ ಸೊಗಸಾದ ಕ್ಷಮೆ ಸಂಸ್ಕೃತ ನಾಟಕಗಳಲ್ಲಿ ದುರ್ಲಭ. ಮರುದಿನ ಬೆಳಗ್ಗೆ ಆಕೆ ರತ್ನಾವಳಿಯನ್ನು ಧೂತೆಗೆ ಕಳುಹಿಸುತ್ತಾಳೆ. ಗಂಡನು ಕೊಟ್ಟದ್ದನ್ನು ತಾನು ಹಿಂದಕ್ಕೆ ತೆಗೆದುಕೊಳ್ಳುವುದು ಸಲ್ಲದೆಂದು ಧೂತೆಯು ಹಾಗೆಯೇ ಮರಳಿಸುತ್ತಾಳೆ. ಅಷ್ಟರಲ್ಲಿ ಚಾರುದತ್ತನ ಮಗ ರೋಹಸೇನನು ನೆರೆಮನೆಯ ಹುಡುಗನ ಚಿನ್ನದ ಬಂಡಿಯಂಥದು ತನಗೂ ಬೇಕೆಂದು ಅಳುತ್ತ ಬರುತ್ತಾನೆ. ವಸಂತಸೇನೆಯು ಮೈಮೇಲಿನ ಒಡವೆಗಳನ್ನು ಕಳಚಿ ಅವನ ಮಣ್ಣಿನ ಬಂಡಿಯಲ್ಲಿ ತುಂಬುತ್ತಾಳೆ.