ಇಲಾ, ಎಲಾ, ಇಳಾ

ಮಕ್ಕಳ ಹೆಸರಿನ ಪುಸ್ತಕಗಳನ್ನು ಯಾರೂ ವಿಮರ್ಶೆ ಮಾಡುವುದಿಲ್ಲ. ಪಂಚಾಂಗ, ಅಡುಗೆ ಪುಸ್ತಕ, ಪತ್ರಲೇಖನ ಕೈಪಿಡಿಗಳ ಸಾಲಿನಲ್ಲಿ ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ತೂಗುತ್ತಿದ್ದ ಈ ಪುಸ್ತಕಗಳು ಈಗ ಫೋನಿನ ಆ್ಯಪ್‌ಗಳಾಗಿವೆ. ಕಾದಂಬರಿ ಓದಲು ಪುರುಸೊತ್ತಿಲ್ಲ ಎನ್ನುವ ನಮ್ಮಂಥವರು ಕೂಡ ಇವನ್ನು ರಾತ್ರಿ ಎರಡು ಗಂಟೆಯವರೆಗೆ ಓದುತ್ತೇವೆ, ಗುರುತು ಹಾಕುತ್ತೇವೆ, ಗಂಡ ಹೆಂಡತಿ ಕೂತು ಚರ್ಚಿಸುತ್ತೇವೆ. ಇಷ್ಟು ಶ್ರದ್ಧೆಯ ಓದುಗರಿರುವ ಸಾಹಿತ್ಯಪ್ರಕಾರವನ್ನು ವಿಮರ್ಶೆಯಿಂದ ಹೊರಗಿಡುವುದು ನ್ಯಾಯವಲ್ಲ. ಕಳೆದ ವರ್ಷ ಹೈದರಾಬಾದಿನಲ್ಲಿ ನಮಗೆ ಮಗಳು ಹುಟ್ಟಿದಾಗ ನಾನೂ ಇಂಥ ಪುಸ್ತಕ ಮತ್ತು ಪಟ್ಟಿಗಳನ್ನು ಓದಿದೆ. ಆ ಓದಿನಲ್ಲಿ ಹುಟ್ಟಿದ ತಕರಾರು ಇದು.

ಈ ಪುಸ್ತಕಗಳ ರಚನೆ ಸರಳ. ಎಡಗಡೆ ಹೆಸರು, ನಡುವೆ ಇಂಗ್ಲಿಷ್ ಸ್ಪೆಲ್ಲಿಂಗ್, ಬಲಗಡೆ ಅರ್ಥ. ಕೆಲವದರಲ್ಲಿ ಅದೃಷ್ಟ ಸಂಖ್ಯೆಯ ಕಾಲಂ ಕೂಡ ಇರುತ್ತದೆ. ಹೆಸರನ್ನು ಕರೆಯುವುದು ಹೇಗೆ ಎಂಬ ಕಾಲಂ ಮಾತ್ರ ಎಲ್ಲೂ ಇಲ್ಲ. ಕನ್ನಡ ಲಿಪಿಯಲ್ಲಿ ಅಚ್ಚಾದ ಪುಸ್ತಕದಲ್ಲೂ ಎಷ್ಟೋ ಹೆಸರುಗಳು ಮೊದಲು ಇಂಗ್ಲಿಷಿನಲ್ಲಿದ್ದು ಆಮೇಲೆ ಕನ್ನಡಕ್ಕೆ ಇಳಿದವು ಎಂಬುದು ಸ್ವಲ್ಪ ಗಮನಿಸಿದರೆ ತಿಳಿಯುತ್ತದೆ.

ಒಂದು ಉದಾಹರಣೆ. ಜನ್ಮನಕ್ಷತ್ರದ ನಾಲ್ಕು ಪಾದಗಳಿಗೆ ನಾಲ್ಕು ಅಕ್ಷರಗಳನ್ನು ಪಂಚಾಂಗ ಕೊಡುತ್ತದಲ್ಲ, ಅದರಲ್ಲಿ ಹಸ್ತಾ ನಕ್ಷತ್ರಕ್ಕೆ ಬರುವುದು ಪು, ಷ, ಣ, ಠ. ಣಕಾರದಿಂದ ಶುರುವಾಗುವ ಹೆಸರು ನಮ್ಮಲ್ಲಿ ಯಾರಿಗಿದೆ? ಹಳಬರು ಆ ಅಕ್ಷರವನ್ನು ಜಾತಕದಲ್ಲಿ ಬಿಟ್ಟು ಮನೆದೇವರ ಹೆಸರೋ ಅಜ್ಜಿಯ ಹೆಸರೋ ಇಟ್ಟು ಮುಗಿಸುತ್ತಿದ್ದರು. ಇಂಗ್ಲಿಷ್ ಪಟ್ಟಿಗೆ ಈ ಕಷ್ಟವೇ ಇಲ್ಲ. ಅಲ್ಲಿ ಣ ಎಂಬುದು ಎನ್ ಮತ್ತು ಎ ಆಗಿ ಸಲೀಸಾಗಿ ನ ಆಗುತ್ತದೆ, ಠ ಎಂಬುದು ಟಿ, ಎಚ್, ಎ ಆಗಿ ತ ಆಗುತ್ತದೆ. ಶಾಸ್ತ್ರಕ್ಕಾಗಿ ಅಕ್ಷರ ಹುಡುಕಿದವರು ಶಾಸ್ತ್ರ ಹೇಳದ ಅಕ್ಷರವನ್ನು ಇಟ್ಟು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾರೆ.

ಇನ್ನೊಂದು ಉದಾಹರಣೆ ಶ್ರೇಯಾಂಸ. ಜೈನರ 11ನೇ ತೀರ್ಥಂಕರ ಶ್ರೇಯಾಂಸನಾಥ. ಆದಿನಾಥನಿಗೆ ಕಬ್ಬಿನ ರಸ ಕೊಟ್ಟು ಉಪವಾಸ ಬಿಡಿಸಿದ ಹಸ್ತಿನಾಪುರದ ಅರಸನ ಹೆಸರೂ ಅದೇ. ಕೊನೆಯ ಅಕ್ಷರ ಸಕಾರ. ಈಗ ಪಟ್ಟಿಗಳಲ್ಲಿ ಸಿಗುವುದು ಶ್ರೇಯಾಂಶ್. ಇಂಗ್ಲಿಷಿನಲ್ಲಿ ಎಸ್ ಪಕ್ಕ ಒಂದು ಎಚ್ ಬಂದು ಕೂತಿತು, ಅದು ಕನ್ನಡಕ್ಕೆ ಮರಳುವಾಗ ‘ಅಂಶ’ ಎಂಬ ಬೇರೆ ಪದವಾಗಿ ಬಂತು, ಅರ್ಥದ ಕಾಲಂ ಕೂಡ ಅದಕ್ಕೆ ತಕ್ಕಂತೆ ಬದಲಾಯಿತು. ಈಗ ಆ ‘ಅಂಶ್’ ಎಂಬ ಬಾಲವನ್ನು ಯಾವ ಶಬ್ದಕ್ಕಾದರೂ ಅಂಟಿಸಿ ಹೊಸ ಹೆಸರು ಮಾಡಬಹುದು. ಅಂಥದ್ದೊಂದನ್ನು ನಾನು ಫೋನಿನಲ್ಲಿ ಓದಿ ಹೇಳಿದಾಗ ಸಿಂಧನೂರಿನಿಂದ ನನ್ನ ಅವ್ವ ಅಂದಳು: “ನಾಲಿಗಿ ತಿರುಗಂಗಿಲ್ಲಪಾ. ನಾ ಕೂಸನ್ನ ಹ್ಯಾಂಗ ಕರೀಲಿ?”

ಹೆಸರು ಬದಲಾಗಬಾರದು ಎನ್ನುವ ಮಡಿವಂತಿಕೆ ನನ್ನದಲ್ಲ. ಹೆಸರುಗಳು ಯಾವಾಗಲೂ ಬದಲಾಗಿವೆ. ಸಂಸ್ಕೃತದ ಸೀತಾ ಕನ್ನಡದಲ್ಲಿ ಸೀತೆಯಾದಳು, ತೆಲುಗಿನಲ್ಲಿ ದೀರ್ಘ ಕಳೆದುಕೊಂಡು ಸೀತ ಆದಳು. ಲಕ್ಷ್ಮಿ ನಮ್ಮ ಕಡೆ ಲಕ್ಕವ್ವ. ವೀರಣ್ಣ ಈರಣ್ಣ. ಈ ಬದಲಾವಣೆಗಳೆಲ್ಲ ಬಾಯಲ್ಲಿ ಆದವು, ಕರೆದು ಕರೆದು ಸವೆದು ನುಣುಪಾದವು. ಶ್ರೇಯಾಂಶ್ ಆದದ್ದು ಕೀಬೋರ್ಡಿನಲ್ಲಿ. ನನ್ನ ತಕರಾರು ಇಷ್ಟೇ: ಈ ಪುಸ್ತಕಗಳು ಹೆಸರನ್ನು ಕಣ್ಣಿನಿಂದ ಆರಿಸಲು ಕಲಿಸುತ್ತಿವೆ. ಹೆಸರು ಕಿವಿಯ ವಸ್ತು.

ಇಷ್ಟು ಹೇಳಿದ ಮೇಲೆ ನನ್ನ ಅಳುಕನ್ನೂ ಹೇಳಬೇಕು. ನನ್ನ ಹೆಸರು ಈರಣ್ಣ. ಶಾಲೆಯ ಅಂಕಪಟ್ಟಿಯಲ್ಲಿ ಇಂಗ್ಲಿಷಿನ ಇ ಅಕ್ಷರದಿಂದ ಶುರುವಾಗುತ್ತದೆ, ಆಮೇಲೆ ಮಾಡಿಸಿದ ಇನ್ನೊಂದು ದಾಖಲೆಯಲ್ಲಿ ಐ ಅಕ್ಷರದಿಂದ. ಇಬ್ಬರೂ ಒಬ್ಬನೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿ ನೋಟರಿಯ ಸಹಿ ಹಾಕಿಸಿದವನು ನಾನು. ಹೈದರಾಬಾದಿಗೆ ಬಂದ ಮೇಲೆ ಆಫೀಸಿನ ಬ್ಯಾಡ್ಜಿನಲ್ಲಿ ಇ ನೋಡಿದ ತೆಲುಗು ಗೆಳೆಯರು ‘ಎರ್ರನ್ನ’ ಎಂದು ಓದಿದರು. ತೆಲುಗಿನಲ್ಲಿ ಎರ್ರ ಅಂದರೆ ಕೆಂಪು. ತೆಲುಗು ಮಹಾಭಾರತದ ಮೂವರು ಕವಿಗಳಲ್ಲಿ ಒಬ್ಬನ ಹೆಸರು ಎರ್ರನ, ಹಾಗಾಗಿ ಅವಮಾನವೇನಲ್ಲ. ಆದರೆ ಹನ್ನೊಂದು ವರ್ಷ ಎರ್ರನ್ನನಾಗಿ ದುಡಿದವನಿಗೆ ಮಗಳ ಹೆಸರು ಯಾರೂ ತಪ್ಪು ಓದಲಾರದಂತೆ ಇರಲಿ ಎನಿಸುವುದು ಸಹಜ. ಪುಸ್ತಕಗಳು ನನಗೆ ಆಪ್ಯಾಯವಾಗಿದ್ದು ಅದಕ್ಕೇ. ಎಲ್ಲೂ ಎಡವದ, ಎರಡಕ್ಷರದ, ಯಾವ ಊರಿನಲ್ಲೂ ನಡೆಯುವ ಹೆಸರನ್ನು ಅವು ಕೊಡುತ್ತೇನೆ ಎನ್ನುತ್ತವೆ.

ಮಗಳು ಕೃತ್ತಿಕಾ ಎರಡನೇ ಪಾದ, ಇಕಾರ ಬಂದಿತ್ತು. ಹೆಂಡತಿ ಇಳಾ ಎಂದಳು. ಭೂಮಿ. ಎರಡೇ ಅಕ್ಷರ. ಇದಕ್ಕಿಂತ ಸರಳ ಹೆಸರು ಇನ್ನೇನಿದೆ ಎಂದುಕೊಂಡೆವು.

ಲಸಿಕೆಯ ಕಾರ್ಡಿಗೆ ಹೆಸರು ಬರೆಸಲು ಒಂದು ಕ್ಲಿನಿಕ್ಕಿಗೆ ಹೋದಾಗ ಕೌಂಟರಿನಲ್ಲಿದ್ದ ಹುಡುಗಿ ಸ್ಪೆಲ್ಲಿಂಗ್ ಕೇಳಿದಳು. ನಾನು ಅಭ್ಯಾಸಬಲದಿಂದ “ಇ” ಎಂದೆ. ನನ್ನ ಮನಸ್ಸಿನಲ್ಲಿದ್ದದ್ದು ಕನ್ನಡದ ಇ, ಅವಳು ಒತ್ತಿದ್ದು ಇಂಗ್ಲಿಷಿನ ಇ. ಕನ್ನಡದ ಇ ಎಂಬ ಸದ್ದಿಗೆ ಇಂಗ್ಲಿಷಿನಲ್ಲಿ ಬಳಸುವ ಅಕ್ಷರದ ಹೆಸರು ಐ ಎಂಬ ವಿಚಿತ್ರವನ್ನು ನಾನು ನನ್ನ ಹೆಸರಿನಲ್ಲೇ ಅನುಭವಿಸಿದ್ದರೂ ಮತ್ತೆ ಎಡವಿದೆ. ಕಾರ್ಡಿನಲ್ಲಿ ಬಂದದ್ದನ್ನು ಅವಳು “ಎಲಾ” ಎಂದು ಓದಿ ನಕ್ಕಳು. ತೆಲುಗಿನಲ್ಲಿ ಎಲಾ ಅಂದರೆ ಹೇಗೆ. ನಾನು ಗಾಬರಿಯಿಂದ “ಎಲಾ ಅಲ್ಲ, ಇಲಾ, ಇಲಾ” ಎಂದೆ. ಳಕಾರ ಅವಸರದಲ್ಲಿ ಲಕಾರವಾಗಿತ್ತು. ಇಲಾ ಅಂದರೆ ಹೀಗೆ. ಹೇಗೆ ಎಂದು ಅವಳು ಕೇಳಿದಂತೆ, ಹೀಗೆ ಎಂದು ನಾನು ಉತ್ತರಿಸಿದಂತೆ ಆಗಿ ಸಾಲಿನಲ್ಲಿದ್ದವರೆಲ್ಲ ನಕ್ಕರು. ಕನ್ನಡದವನಾದ ನನಗೆ ‘ಎಲಾ ಇವನ!’ ಎಂಬುದೂ ನೆನಪಾಯಿತು. ತಪ್ಪು ಆ ಹುಡುಗಿಯದಲ್ಲ. ಮನೆಗೆ ಬಂದ ಮೇಲೆ ಐ ಹಾಕಿ ಬರೆದು ನೋಡಿದೆ. ದೊಡ್ಡ ಐ ಪಕ್ಕ ಚಿಕ್ಕ ಎಲ್ ಬಂದರೆ ಫೋನಿನ ಪರದೆಯಲ್ಲಿ ಎರಡೂ ಒಂದೇ ಥರದ ನೆಟ್ಟ ಗೆರೆ. ಎರಡಕ್ಷರದ ಸರಳ ಹೆಸರು ಕಣ್ಣಿಗೆ ಎರಡು ಕಡ್ಡಿಯಾಗಿ ಕಂಡಿತು.

ಅಂದು ರಾತ್ರಿ ಇಳಾ ಬೇಡ ಎಂದು ನಾನೇ ಹೇಳಿದೆ. ಹೆಂಡತಿ ಮಾತಾಡಲಿಲ್ಲ. ಅವಳ ಮೌನಕ್ಕೆ ಉತ್ತರ ಕೊಡಲೆಂದೇ ನಾನು ಆ ಹೆಸರಿನ ಪೂರ್ವಾಪರ ಹುಡುಕಲು ಕೂತದ್ದು.

ಇಳೆಗೆ ಈ ಗೊಂದಲ ಹೊಸದಲ್ಲ. ಋಗ್ವೇದದ ಪಾಠದಲ್ಲಿ ಎರಡು ಸ್ವರಗಳ ನಡುವಿನ ಡಕಾರ ಳಕಾರವಾಗುತ್ತದೆ, ಹಾಗಾಗಿ ಅಲ್ಲಿ ಅವಳು ಇಳಾ. ಬೇರೆ ಗ್ರಂಥಗಳಲ್ಲಿ ಇಡಾ. ಆಮೇಲಿನ ಸಂಸ್ಕೃತದಲ್ಲಿ ಇಲಾ. ಪುರಾಣದಲ್ಲಂತೂ ವೈವಸ್ವತ ಮನುವಿನ ಈ ಮಗು ಕೆಲಕಾಲ ಸುದ್ಯುಮ್ನನೆಂಬ ಗಂಡು, ಕೆಲಕಾಲ ಇಳೆಯೆಂಬ ಹೆಣ್ಣು. ಬುಧನಿಂದ ಅವಳಿಗೆ ಹುಟ್ಟಿದವನು ಪುರೂರವ, ಚಂದ್ರವಂಶ ಬೆಳೆದದ್ದು ಅವನಿಂದ. ಅಹಮದಾಬಾದಿನಲ್ಲಿ 1972ರಲ್ಲಿ ಸೇವಾ ಸಂಘಟನೆ ಕಟ್ಟಿದ ಇಳಾ ಭಟ್ ಅವರು ಗುಜರಾತಿಯಲ್ಲಿ ಇಲಾ, ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಿದ್ದದ್ದು ಇ ಅಕ್ಷರದಿಂದ. ಕ್ಲಿನಿಕ್ಕಿನ ಹುಡುಗಿ ಬರೆದಂತೆಯೇ. ಅದರಿಂದ ಅವರ ಕೆಲಸಕ್ಕೇನೂ ಕುಂದಾಗಲಿಲ್ಲ.

ಸ್ಪೆಲ್ಲಿಂಗ್ ಹೆಸರಲ್ಲ ಎಂಬುದಕ್ಕೆ ನಮ್ಮ ಸಾರ್ವಜನಿಕ ಬದುಕೇ ಸಾಕ್ಷಿ. ಯಡಿಯೂರಪ್ಪನವರು 2007ರಲ್ಲಿ ಇಂಗ್ಲಿಷಿನಲ್ಲಿ ಐ ತೆಗೆದು ಇನ್ನೊಂದು ಡಿ ಹಾಕಿಕೊಂಡರು, 2019ರಲ್ಲಿ ಡಿ ತೆಗೆದು ಮತ್ತೆ ಐ ತಂದರು. ಈ ಹನ್ನೆರಡು ವರ್ಷವೂ ಕನ್ನಡ ಪತ್ರಿಕೆಗಳಲ್ಲಿ ಅವರು ಯಡಿಯೂರಪ್ಪನವರೇ. 2014ರ ನವೆಂಬರ್ 1ರಂದು ಕರ್ನಾಟಕ ಸರಕಾರ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ತಿದ್ದಿತು. ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಬಳ್ಳಾರಿ ಎಲ್ಲ ಸರಿಯಾದವು, ಆದರೆ ಅವುಗಳ ಒಳಗಿನ ಳಕಾರಕ್ಕೆ ಅಲ್ಲೂ ಒಂದು ಅಕ್ಷರ ಸಿಗಲಿಲ್ಲ. ಸರಕಾರಕ್ಕೇ ಸಿಗದ್ದು ನನಗೆ ಸಿಗಬೇಕಿತ್ತು ಎಂದು ನಾನು ಕೊರಗುತ್ತಿದ್ದೆ. ಪಾಸ್‌ಪೋರ್ಟಿನ ಕೆಳಗಡೆ ಯಂತ್ರ ಓದುವ ಸಾಲಿನಲ್ಲಿ ಹೆಸರಿಗೆ ಇರುವುದು ಇಪ್ಪತ್ತಾರೇ ಅಕ್ಷರ. ಅದು ಯಂತ್ರದ ಅಗತ್ಯ. ಯಂತ್ರಕ್ಕೆ ಬೇಕಾದ್ದನ್ನು ಕೊಡೋಣ, ಆದರೆ ಮಗುವಿನ ಹೆಸರನ್ನು ಅದರಿಂದಲೇ ಶುರು ಮಾಡಬೇಕೇ?

ಈ ಪ್ರಶ್ನೆಗೆ ತೆಲಂಗಾಣದಲ್ಲೇ ಒಂದು ಹಳೆಯ ಪಾಠವಿದೆ. ಕರೀಂನಗರದ ಹತ್ತಿರ ಕುರಿಕ್ಯಾಲದ ಬಳಿಯ ಬೊಮ್ಮಲಗುಟ್ಟದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ 10ನೇ ಶತಮಾನದಲ್ಲಿ ಒಂದು ಶಾಸನ ಹಾಕಿಸಿದ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಒಂದೇ ಬಂಡೆಯಲ್ಲಿವೆ. ಪಂಪ ತನ್ನ ಕಾವ್ಯದಲ್ಲಿ ತಂದೆಯನ್ನು ಅಭಿರಾಮದೇವರಾಯ ಎನ್ನುತ್ತಾನೆ, ತಮ್ಮನ ಶಾಸನ ಭೀಮಪಯ್ಯ ಎನ್ನುತ್ತದೆ. ಇವತ್ತಾಗಿದ್ದರೆ ಅಣ್ಣತಮ್ಮಂದಿರು ನೋಟರಿಯ ಹತ್ತಿರ ಓಡಬೇಕಿತ್ತು. ಸಾಹಿತ್ಯ ಚರಿತ್ರೆ ಬರೆದವರು ಎರಡೂ ಒಬ್ಬನದೇ ಎಂದು ಒಪ್ಪಿಕೊಂಡು ಮುಂದೆ ನಡೆದರು. ಹೆಸರಿನ ಗುರುತು ಅಕ್ಷರದ ಹೊಂದಾಣಿಕೆಯಲ್ಲಿಲ್ಲ, ಸಂಬಂಧದಲ್ಲಿದೆ ಎಂಬ ತಿಳುವಳಿಕೆ ಅದು.

ನಮ್ಮ ದೊಡ್ಡ ಲೇಖಕರಿಗೆ ಇದು ಗೊತ್ತಿತ್ತು. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಗುತ್ತಿ, ಐತ, ಪೀಂಚಲು, ತಿಮ್ಮಿ ಎಂಬ ಹೆಸರುಗಳನ್ನು ಜೋರಾಗಿ ಹೇಳಿ ನೋಡಿ. ಕಾಡಿನ ಆಚೆ ದಡದಿಂದ ಕೂಗಿದರೂ ಕೇಳುವ ಹೆಸರುಗಳು. ಅದೇ ಕುವೆಂಪು ತಮ್ಮ ಮಕ್ಕಳಿಗೆ ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ ಎಂದು ಇಟ್ಟರು. ಕೋಕಿಲೋದಯ ಚೈತ್ರ ಯಾವ ಅರ್ಜಿಯ ಚೌಕಗಳಲ್ಲೂ ಸಲೀಸಾಗಿ ಕೂರುವ ಹೆಸರಲ್ಲ. ಆದರೂ ಎರಡು ಬಗೆಯ ಹೆಸರುಗಳನ್ನೂ ಕಿವಿಯೇ ಆರಿಸಿದೆ ಎಂಬುದು ಓದಿದರೆ ಗೊತ್ತಾಗುತ್ತದೆ. ಒಂದು ಕೂಗಲು, ಇನ್ನೊಂದು ಹಾಡಲು. ಪಟ್ಟಿಗಳ ಹೆಸರುಗಳಲ್ಲಿ ನನಗೆ ಇವೆರಡೂ ಕೇಳಲಿಲ್ಲ.

ಬೆಂಗಳೂರಿನಲ್ಲಿ ಕೂತವರು ಇಷ್ಟನ್ನು ಸುಲಭವಾಗಿ ಹೇಳಬಹುದು, ಹೊರಗಿದ್ದವರ ಕಷ್ಟ ಬೇರೆ ಎಂಬ ಮಾತು ನಿಜ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಹುಟ್ಟನ್ನು ನೋಂದಾಯಿಸಿದ ಮೇಲೆ ಮಗುವಿನ ಹೆಸರು ಸೇರಿಸಲು ಶುಲ್ಕವಿಲ್ಲದೆ ಒಂದು ವರ್ಷ, ಶುಲ್ಕ ಕಟ್ಟಿ ಹದಿನೈದು ವರ್ಷ ಅವಕಾಶವಿದೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಜನ್ಮದಿನಾಂಕದ ಆಧಾರ ಆ ಪ್ರಮಾಣಪತ್ರವೇ. ಹಾಗಾಗಿ ನನ್ನ ಸಲಹೆ ಎರಡು ಹೆಜ್ಜೆಯದು. ಮೊದಲು ಬಾಯಿಂದ ಹೆಸರು ಆರಿಸಿ, ಕೆಲವು ವಾರ ಮನೆಯಲ್ಲಿ ಕರೆದು ನೋಡಿ. ಆಮೇಲೆ ಒಂದು ಸ್ಪೆಲ್ಲಿಂಗ್ ಆರಿಸಿ, ಎಲ್ಲ ಕಾಗದಗಳಲ್ಲೂ ಅದನ್ನೇ ಬಿಗಿಯಾಗಿ ಹಿಡಿಯಿರಿ. ಸ್ಪೆಲ್ಲಿಂಗ್ ಸರಿಯಾಗಿರುವುದಕ್ಕಿಂತ ಒಂದೇ ಆಗಿರುವುದು ಮುಖ್ಯ. ನನ್ನ ಛಾಪಾ ಕಾಗದ ಕಲಿಸಿದ್ದು ಅಷ್ಟೇ.

ನಾವು ಹಾಗೇ ಮಾಡಿದೆವು. ಅವ್ವನಿಗೆ ಫೋನಿನಲ್ಲಿ ಇಳಾ ಎಂದೆ. ಅವಳು ಒಂದು ಕ್ಷಣವೂ ಯೋಚಿಸದೆ “ಇಳವ್ವಾ” ಎಂದು ಕೂಗಿದಳು. ನಮ್ಮ ಕಡೆ ಹೆಸರು ಪಾಸಾಗುವುದು ಹೀಗೆ. ಪ್ರಮಾಣಪತ್ರಕ್ಕೆ ಐ, ಎಲ್, ಎ ಎಂಬ ಮೂರೇ ಅಕ್ಷರ, ಎಲ್ಲವೂ ದೊಡ್ಡಕ್ಷರದಲ್ಲಿ.

ಉಳಿದದ್ದು ಆಧಾರ್. ಇಲ್ಲಿ ಇಂಗ್ಲಿಷಿನ ಜೊತೆ ತೆಲುಗಿನಲ್ಲೂ ಹೆಸರು ಅಚ್ಚಾಗುತ್ತದೆ. ಪರದೆಯ ಮೇಲೆ ತಾನಾಗಿಯೇ ಬಂದದ್ದು ಇಲಾ, ಅಂದರೆ ‘ಹೀಗೆ’. ತೆಲುಗಿನಲ್ಲೂ ಳಕಾರ ಇದೆ, ಅದನ್ನೇ ಹಾಕಿಸಬೇಕೆಂದು ನಾನು ತಯಾರಾಗಿ ಹೋಗಿದ್ದೆ. ಆದರೆ ಹಿಂದಿನ ದಿನ ನಮ್ಮ ಅಪಾರ್ಟ್‌ಮೆಂಟಿನ ನಿವೃತ್ತ ತೆಲುಗು ಮೇಷ್ಟ್ರು ಒಂದು ಮಾತು ಹೇಳಿದ್ದರು: ತೆಲುಗಿನಲ್ಲೂ ಭೂಮಿಗೆ ಅದೇ ಪದವಿದೆ, ಆದರೆ ಅದು ‘ಇಲ’. ಲಕಾರ, ಕೊನೆಗೆ ಹ್ರಸ್ವ. ಸೀತೆ ಇಲ್ಲಿ ಸೀತ ಆದಂತೆ ಇಳೆ ಇಲ್ಲಿ ಇಲ. ಳಕಾರಕ್ಕಾಗಿ ಜಗಳಕ್ಕೆ ನಿಂತಿದ್ದ ನನಗೆ ನಾಚಿಕೆಯಾಯಿತು. ಯಂತ್ರಕ್ಕೆ ಬೇಕಾದ ತಿದ್ದುಪಡಿ ಒಂದೇ ಒಂದು ದೀರ್ಘ. ಅದನ್ನು ತೆಗೆಸಿದೆ. ಈಗ ಅವಳು ಕನ್ನಡದಲ್ಲಿ ಇಳಾ, ತೆಲುಗಿನಲ್ಲಿ ಇಲ, ಎರಡು ಕಡೆಯೂ ಭೂಮಿ.

ತೆಲುಗಿನಲ್ಲಿ ‘ಇಲಾ ರಾ’ ಅಂದರೆ ಹೀಗೆ ಬಾ, ಇತ್ತ ಬಾ. ಸಂಜೆ ಕಾರಿಡಾರಿನಲ್ಲಿ ಪಕ್ಕದ ಮನೆಯಾಕೆ ತನ್ನ ಮಗನನ್ನು ಹಾಗೆ ಕರೆಯುತ್ತಾಳೆ. ಅವನು ಹೋಗುವುದಿಲ್ಲ. ನನ್ನ ಮಗಳು ಅಂಬೆಗಾಲಿಡುತ್ತ ಹೋಗುತ್ತಾಳೆ.