ಡಬ್ಬಿಯೊಳಗಿನ ಮೇಣ, ಚೀಟಿಯ ಮೇಲಿನ ಮಾತು

ಸಾವಯವ ಸಂತೆ, ಕರಕುಶಲ ಮೇಳ, ಆನ್‌ಲೈನ್ ಅಂಗಡಿ ಎಲ್ಲಿ ನೋಡಿದರೂ ಈಗ ಜೇನುಮೇಣದ ಮರದ ಪಾಲಿಶ್ ಕಣ್ಣಿಗೆ ಬೀಳುತ್ತದೆ. ಅಂಗೈಯಗಲದ ತಗಡಿನ ಡಬ್ಬಿ, ಒಳಗೆ ತುಪ್ಪದ ಬಣ್ಣದ ಗಟ್ಟಿ ಮುಲಾಮು, ಮುಚ್ಚಳದ ಮೇಲೊಂದು ಜೇನುಹುಳದ ಚಿತ್ರ. ಇವುಗಳಲ್ಲಿ ಎಷ್ಟೋ ಡಬ್ಬಿಗಳು ಯಾರದೋ ಮನೆಯ ಅಡುಗೆಕೋಣೆಯಲ್ಲೇ ತಯಾರಾಗಿ ಬಂದವು. ಕಾಯಿಸುವ ಕೈ ಬೇರೆ ಬೇರೆಯಾದರೂ ಚೀಟಿಯ ಮೇಲೆ ಎಲ್ಲರದೂ ಒಂದೇ ಪಲ್ಲವಿ: ಮರಕ್ಕೆ ಪೋಷಣೆ, ನೀರಿನಿಂದ ರಕ್ಷಣೆ, ರಾಸಾಯನಿಕಮುಕ್ತ, ನೂರಕ್ಕೆ ನೂರು ನೈಸರ್ಗಿಕ. ಡಬ್ಬಿಯೊಳಗಿನ ವಸ್ತುವಿನ ಬಗ್ಗೆ ನನಗೆ ತಕರಾರಿಲ್ಲ, ಚೀಟಿಯ ಬಗ್ಗೆ ಇದೆ. ಮರವನ್ನು ಆಗಾಗ ಒರೆಸಿ ತಿಕ್ಕಿ ನೋಡಿಕೊಳ್ಳುವುದಕ್ಕೆ ಒದಗುವ ಸಾಧನವನ್ನು, ಒಮ್ಮೆ ಹಚ್ಚಿದರೆ ಮರವನ್ನು ಕಾಯುವ ಕವಚವೆಂದು ಮಾರಲಾಗುತ್ತಿದೆ. ಇದರಿಂದ ಕೊಂಡವರಿಗೆ ಆಗುವ ನಷ್ಟ ಸಣ್ಣದು. ದೊಡ್ಡ ನಷ್ಟ ಆಗುವುದು ನಿಯತ್ತಾಗಿ ಮೇಣ ಕಾಯಿಸಿ ಮಾರುವವರಿಗೇ.

ತಯಾರಿ ಮೇಲ್ನೋಟಕ್ಕೆ ಸುಲಭ. ಒಂದು ಪಾಲು ಮೇಣಕ್ಕೆ ಮೂರೋ ನಾಲ್ಕೋ ಪಾಲು ಎಣ್ಣೆ. ಜೇನುಮೇಣ 62ರಿಂದ 64 ಡಿಗ್ರಿ ಸೆಲ್ಸಿಯಸ್‌ಗೆಲ್ಲ ಕರಗುವುದರಿಂದ ಕುದಿಯುವ ನೀರಿನ ಮೇಲೆ ಇನ್ನೊಂದು ಪಾತ್ರೆ ಇಟ್ಟರೆ ಸಾಕು, ಉರಿಗೆ ನೇರವಾಗಿ ಒಡ್ಡಬೇಕಿಲ್ಲ, ಒಡ್ಡಲೂಬಾರದು. ನಿಜವಾದ ಕಸುಬು ಇರುವುದು ಇದಕ್ಕೂ ಹಿಂದಿನ ಹಂತದಲ್ಲಿ. ಹಳೆಯ ಎರಿಯನ್ನು ಕರಗಿಸಿದಾಗ ಮೇಣದ ಜತೆಗೆ ಮರಿಹುಳಗಳ ಪೊರೆ, ಪರಾಗ, ಅಂಟು, ಉಳಿದ ಜೇನು ಎಲ್ಲವೂ ಬಿಟ್ಟುಕೊಳ್ಳುತ್ತವೆ. ಎರಿಯನ್ನು ಬಟ್ಟೆಯಲ್ಲಿ ಕಟ್ಟಿ ಬಿಸಿನೀರಿನಲ್ಲಿ ಅದುಮಬೇಕು. ಮೇಲೆ ತೇಲಿದ ಮೇಣ ಹೆಪ್ಪುಗಟ್ಟಿ ಬಿಲ್ಲೆಯಾದ ಮೇಲೆ ಅದರ ಅಡಿಗೆ ಕೂತ ಕಪ್ಪು ಗಸಿಯನ್ನು ಚಾಕುವಿನಿಂದ ಹೆರೆದು ತೆಗೆದು, ಮತ್ತೆ ಕರಗಿಸಿ, ಮತ್ತೆ ಸೋಸಬೇಕು. ಕಬ್ಬಿಣ, ತಾಮ್ರ, ಹಿತ್ತಾಳೆಯ ಪಾತ್ರೆಗಳು ಮೇಣದ ಬಣ್ಣ ಕೆಡಿಸುತ್ತವೆ, ಸ್ಟೀಲೇ ಆಗಬೇಕು. ಬಯಲುಸೀಮೆಯ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕುದಿಸಿದರೆ ಮೇಣ ನೀರಿನೊಂದಿಗೆ ಬೆರೆತು ರವೆರವೆಯಾಗುತ್ತದೆ, ಅದಕ್ಕೆ ಮಳೆನೀರೇ ಮೇಲು. ಇಷ್ಟೆಲ್ಲ ಮಾಡಿದವರ ಡಬ್ಬಿಗೂ, ಪೇಟೆಯಿಂದ ಹಳದಿ ಗುಳಿಗೆಗಳ ಪೊಟ್ಟಣ ತಂದು ಎಣ್ಣೆಗೆ ಸುರಿದವರ ಡಬ್ಬಿಗೂ ನೋಟದಲ್ಲಿ ವ್ಯತ್ಯಾಸವಿಲ್ಲ. ಚೀಟಿಯಲ್ಲೂ ಇಲ್ಲ. ಮೊದಲ ಅನ್ಯಾಯ ಶುರುವಾಗುವುದು ಇಲ್ಲಿ.

ಇನ್ನು ರಕ್ಷಣೆಯ ಮಾತು. ಅಮೆರಿಕದ ಮ್ಯಾಡಿಸನ್ನಿನಲ್ಲಿರುವ ಅರಣ್ಯ ಉತ್ಪನ್ನ ಪ್ರಯೋಗಾಲಯ 1985ರಲ್ಲಿ ಒಂದು ವರದಿ ಪ್ರಕಟಿಸಿತು. ಬಗೆಬಗೆಯ ಲೇಪಗಳನ್ನು ಮರದ ತುಂಡುಗಳಿಗೆ ಹಚ್ಚಿ, ಶೇಕಡಾ 90ರಷ್ಟು ತೇವವಿರುವ ಗಾಳಿಯಲ್ಲಿ ಎರಡು ವಾರ ಇಟ್ಟು, ಯಾವುದು ಎಷ್ಟು ತೇವ ತಡೆಯಿತು ಎಂದು ಅಳೆದು ನೋಡಿದ ವರದಿ ಅದು. ಪೀಠೋಪಕರಣಕ್ಕೆ ತಿಕ್ಕುವ ಮೇಣದ ಪೇಸ್ಟ್ ಕೊನೆಗೆ ತಡೆದದ್ದು ಇಲ್ಲವೆನ್ನುವಷ್ಟು ಕಡಿಮೆ. ತಮಾಷೆಯೆಂದರೆ, ಕರಗಿದ ಪ್ಯಾರಾಫಿನ್ ಮೇಣದಲ್ಲಿ ಅದ್ದಿ ತೆಗೆದ ಮರ ಎಲ್ಲಕ್ಕಿಂತ ಮುಂದಿತ್ತು. ಹಾಗಾಗಿ ದೋಷ ಮೇಣದ್ದಲ್ಲ, ದಪ್ಪದ್ದು. ಬಟ್ಟೆಯಲ್ಲಿ ತಿಕ್ಕಿ ಹೊಳಪು ತರಿಸುವಾಗ ನಾವು ಮೇಣವನ್ನೆಲ್ಲ ಒರೆಸಿ ತೆಗೆದು, ಕಣ್ಣಿಗೆ ಕಾಣದಷ್ಟು ತೆಳುವಾಗಿ ಉಳಿಸುತ್ತೇವೆ. ಹಚ್ಚಿದ ಹಲಗೆಯ ಮೇಲೆ ಒಂದು ಹನಿ ನೀರು ಬಿದ್ದರೆ ಅದು ಉಂಡೆಯಾಗಿ ನಿಲ್ಲುತ್ತದೆ, ಮಾರುವವರು ವಿಡಿಯೋದಲ್ಲಿ ತೋರಿಸುವುದು ಇಷ್ಟನ್ನೇ. ಅದೇ ಹನಿಯನ್ನು ಒರೆಸದೆ ಬಿಟ್ಟರೆ ಕೆಳಗೆ ಮಸುಕಾದ ಬಿಳಿ ಕಲೆ ಮೂಡುತ್ತದೆ. ಬಿಸಿ ಕಾಫಿಯ ಸ್ಟೀಲ್ ಲೋಟವನ್ನು ಮೇಜಿನ ಮೇಲೆ ಇಟ್ಟೆತ್ತಿದರೆ ಲೋಟದ ತಳದಷ್ಟೇ ಅಗಲದ ಬಳೆಯೊಂದು ಮೇಣದಲ್ಲಿ ಉಳಿದುಬಿಡುತ್ತದೆ, ಏಕೆಂದರೆ 60 ಡಿಗ್ರಿಯ ಆಚೆಗೆ ಮೇಣ ನಿಲ್ಲುವುದಿಲ್ಲ. ಎಣ್ಣೆ ಬೆರೆಸಿದ್ದಾದರೆ ಅದಕ್ಕಿಂತ ಮೊದಲೇ ಮೆತ್ತಗಾಗುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕಿಟಕಿಯ ಪಕ್ಕದ ಕುರ್ಚಿಗೆ ದಪ್ಪಗೆ ಹಚ್ಚಿದರೆ ಧೂಳು ಅದಕ್ಕೇ ಬಂದು ಅಂಟುತ್ತದೆ. ಮರದ ಸೌಟಿಗೂ ಇದೇ ಡಬ್ಬಿಯನ್ನು ಶಿಫಾರಸು ಮಾಡುವವರಿದ್ದಾರೆ. ಕುದಿಯುವ ಸಾರಿಗೆ ಸೌಟು ಇಳಿದ ಕ್ಷಣವೇ ಮೇಣ ಸಾರಿನ ಪಾಲು. ಜೇನುಮೇಣ ಆಹಾರಕ್ಕೆ ಮೆರುಗು ಕೊಡಲು ಅನುಮತಿಯಿರುವ ಪದಾರ್ಥವಾದ್ದರಿಂದ ಹೊಟ್ಟೆ ಕೆಡಲಿಕ್ಕಿಲ್ಲ, ಸೌಟಿಗೆ ಮಾತ್ರ ಏನೂ ದಕ್ಕುವುದಿಲ್ಲ. ಪೋಷಣೆ ಎಂಬ ಮಾತಂತೂ ಪೂರಾ ಕಾವ್ಯ. ಕಡಿದು ಒಣಗಿಸಿ ಹಲಗೆ ಮಾಡಿದ ಮರ ಉಣ್ಣುವುದಿಲ್ಲ. ಅದಕ್ಕೆ ಬೇಕಾದದ್ದು ತೇವದಲ್ಲಿ ವಿಪರೀತ ಏರಿಳಿತವಿಲ್ಲದ ಜಾಗ.

ಹಿರಿಯರ ಕಾಲದಲ್ಲಿ ವಾರ್ನಿಷ್ ಎಲ್ಲಿತ್ತು, ಆದರೂ ಮಲೆನಾಡಿನ ಮನೆಗಳ ಕಂಬಗಳು ಕನ್ನಡಿಯಂತೆ ಹೊಳೆಯುತ್ತಾ ನಿಂತಿಲ್ಲವೇ ಎಂದು ಕೇಳುವವರಿದ್ದಾರೆ. ನಿಂತಿವೆ. ಆದರೆ ಅವು ನಿಂತದ್ದು ತೇಗ, ಹಲಸು, ಬೀಟೆಗಳ ಕೆಚ್ಚಿನಿಂದ, ಅಂದರೆ ಹುಳ ತಿನ್ನದ ಒಳತಿರುಳಿನಿಂದ. ಮಳೆಯ ಎರಚಲು ಒಳಗೆ ಬಾರದಂತೆ ಮುಂದೆ ಚಾಚಿದ ಮಾಡು, ಒಲೆಯ ಹೊಗೆ, ದಿನವೂ ತಾಗುವ ಎಣ್ಣೆಗೈಗಳೂ ಜತೆಗಿದ್ದವು. ಕರಾವಳಿಯಲ್ಲಿ ಮಾಡಿನ ಪಕಾಸು, ರೀಪುಗಳಿಗೆ ಗೆದ್ದಲು ಹಿಡಿಯದಂತೆ ಬಳಿಯುತ್ತಿದ್ದದ್ದು ಗೋಡಂಬಿ ಸಿಪ್ಪೆಯಿಂದ ತೆಗೆದ ಗೇರೆಣ್ಣೆ. ಕೈಗೆ ತಾಗಿದರೆ ಚರ್ಮ ಸುಡುವಷ್ಟು ಉಗ್ರ ವಸ್ತು ಅದು, ಸೌಮ್ಯವಾದ ಜೇನುಮೇಣಕ್ಕೂ ಅದಕ್ಕೂ ಸಂಬಂಧವಿಲ್ಲ. ಮರಕ್ಕೆ ಹೊಳಪು ಕೊಡುವುದನ್ನೇ ಕಸುಬಾಗಿಸಿಕೊಂಡ ಚನ್ನಪಟ್ಟಣದವರು ಆರಿಸಿಕೊಂಡದ್ದು ಅರಗನ್ನು. ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜಿದ ಶಾಖಕ್ಕೇ ಅದು ಕರಗಿ ಮೆತ್ತಿಕೊಳ್ಳುತ್ತದೆ, ಆಮೇಲೆ ತಾಳೆಗರಿಯಿಂದ ತಿಕ್ಕಿ ಮೆರುಗು ತರುತ್ತಾರೆ. ಅರಗೂ ಕೀಟವೇ ಕೊಟ್ಟದ್ದು, ಅಷ್ಟೇ ನೈಸರ್ಗಿಕ. ಅದು ಗಟ್ಟಿಯಾದ ಪದರವಾಗಿ ಕೂರುತ್ತದೆ, ಮೇಣ ಕೂರುವುದಿಲ್ಲ. ಪರಂಪರೆಯನ್ನು ಸಾಕ್ಷಿಗೆ ಕರೆದರೆ ನಮ್ಮ ಪರಂಪರೆ ಹೇಳುವ ಸಾಕ್ಷ್ಯ ಇದು.

ಚೀಟಿ ಮರೆಮಾಡುವ ಇನ್ನೊಂದು ಸಂಗತಿ ಎಣ್ಣೆ. ಡಬ್ಬಿಯ ಮುಕ್ಕಾಲು ಪಾಲು ಎಣ್ಣೆಯೇ ಆಗಿದ್ದರೂ ಹೆಸರು ಮೇಣದ್ದು. ಯಾವ ಎಣ್ಣೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕೊಬ್ಬರಿ ಎಣ್ಣೆ ಅಗ್ಗವಾಗಿ ಸಿಗುತ್ತದೆ, ಘಮವೂ ಇದೆ, ಆದರೆ ಅದು ಎಂದಿಗೂ ಒಣಗುವುದಿಲ್ಲ. ಮರದೊಳಗೆ ಹಸಿಯಾಗಿಯೇ ಇರುತ್ತದೆ, ಚಳಿಗೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಎಳ್ಳೆಣ್ಣೆ ಹಾಕಿದ್ದು ಕಾಲಕ್ರಮೇಣ ಕಮಟು ಹಿಡಿಯಬಹುದು. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವುದರಿಂದ ಮರಗೆಲಸದವರಿಗೆ ಪ್ರಿಯ. ಆದರೆ ಅದು ಒಣಗುವಾಗ ಬಿಸಿ ಹುಟ್ಟಿಸುತ್ತದೆ, ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಈ ಎಚ್ಚರಿಕೆ ಇಲ್ಲದೆ ಅಗಸೆ ಎಣ್ಣೆಯ ಪಾಲಿಶ್ ಮಾರುವುದು ಅಪರಾಧಕ್ಕೆ ಸಮೀಪದ ನಿರ್ಲಕ್ಷ್ಯ. ಪೇಂಟ್ ಅಂಗಡಿಯಲ್ಲಿ ಸಿಗುವ ‘ಬಾಯಿಲ್ಡ್’ ಅಗಸೆ ಎಣ್ಣೆಯಲ್ಲಿ ಬೇಗ ಒಣಗಲೆಂದು ಲೋಹದ ಲವಣಗಳನ್ನು ಸೇರಿಸಿರುತ್ತಾರೆ, ತರಕಾರಿ ಹೆಚ್ಚುವ ಮಣೆಗೆ ಅದು ಸಲ್ಲದು. ಬೀಟೆಯಂಥ ಮರದ ಸಹಜ ಸತ್ವಗಳು ಅಗಸೆ ಎಣ್ಣೆಯನ್ನು ಒಣಗಲು ಬಿಡದೆ ಜಿಗುಟಾಗಿ ಉಳಿಸುವುದೂ ಉಂಟು. ಉತ್ತರ ಕರ್ನಾಟಕದ ಗಾಣಗಳಲ್ಲಿ ಸಿಗುವ ಕುಸುಬೆ ಎಣ್ಣೆಯೂ ನಿಧಾನವಾಗಿ ಒಣಗುವ ಜಾತಿಯದು, ಅಗಸೆಯಷ್ಟು ಹಳದಿಗಟ್ಟುವುದಿಲ್ಲ. ನಮ್ಮ ಮೇಣಕ್ಕೆ ನಮ್ಮದೇ ಎಣ್ಣೆ ಬೆರೆಸಲು ಇಷ್ಟು ಒಳ್ಳೆಯ ದಾರಿಯಿದ್ದರೂ ಅತ್ತ ತಿರುಗಿದವರು ಕಡಿಮೆ. ಸುವಾಸನೆಗೆ ನಿಂಬೆಹುಲ್ಲಿನ ಎಣ್ಣೆ ಹಾಕುವುದರಲ್ಲಿ ಇರುವ ಶ್ರದ್ಧೆ ಇದರಲ್ಲಿಲ್ಲ. ರಾಸಾಯನಿಕ ವಾರ್ನಿಷ್ ವಿಷವಲ್ಲವೇ ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಪಾಲಿಯುರೆಥೇನ್ ಬಳಿಯುವಾಗ ಬರುವ ಆವಿ ಕೆಟ್ಟದ್ದು ನಿಜ, ಪೂರ್ತಿ ಒಣಗಿದ ಮೇಲೆ ಅದು ಹೆಚ್ಚುಕಮ್ಮಿ ಜಡ. ಮೇಣ ತೆಳ್ಳಗಾಗಲೆಂದು ಬೆರೆಸುವ ಟರ್ಪಂಟೈನ್ ಪೈನ್ ಮರದಿಂದಲೇ ಬಂದರೂ ಚರ್ಮಕ್ಕೂ ಶ್ವಾಸಕ್ಕೂ ಹಿತವಲ್ಲ. ಮೂಲ ಯಾವುದೆಂದು ಕೇಳಿದಾಕ್ಷಣ ವಸ್ತುವಿನ ಗುಣ ತಿಳಿಯುವುದಿಲ್ಲ.

ಮೇಣವಾದರೂ ಎಲ್ಲಿಂದ ಬರುತ್ತದೆ? ಒಂದು ಕಿಲೋ ಮೇಣ ಸ್ರವಿಸಲು ಹುಳಗಳು ಆರೇಳು ಕಿಲೋ ಜೇನು ತಿನ್ನಬೇಕೆಂಬುದು ಜೇನುಸಾಕಣೆಯಲ್ಲಿ ರೂಢಿಯ ಲೆಕ್ಕ. ಪೆಟ್ಟಿಗೆಯಲ್ಲಿ ತುಡುವೆ ಜೇನು ಸಾಕುವವರು ಯಂತ್ರದಲ್ಲಿ ತಿರುಗಿಸಿ ಜೇನು ತೆಗೆದು, ಎರಿಯನ್ನು ಮತ್ತೆ ಹುಳಗಳಿಗೇ ಕೊಡುತ್ತಾರೆ. ಹಾಗಾಗಿ ಮೇಣ ಸಿಗುವುದು ಎರಿಯ ಕಣ್ಣುಗಳ ಮುಚ್ಚಳದಿಂದ, ಕಪ್ಪಾದ ಹಳೆಯ ಎರಿಗಳಿಂದ ಮಾತ್ರ. ತೊಂಬತ್ತರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಬಹುಪಾಲು ಬರಿದು ಮಾಡಿದ ಮೇಲೆ ಇದೂ ಇಳಿಯಿತು. ಇನ್ನೊಂದು ಮೂಲ ಹೆಜ್ಜೇನು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಂಥ ಕಾಡಿನ ಜನ ಎತ್ತರದ ಮರವೇರಿ ಇಳಿಸುವ ಎರಿಯ ಮೇಣ. ಪೂರೈಕೆ ಇಷ್ಟು ಕಿರಿದಾಗಿರುವಾಗ ಅಗ್ಗದ ಮೇಣ ಧಾರಾಳವಾಗಿ ಸಿಕ್ಕರೆ ಪ್ಯಾರಾಫಿನ್ ಬೆರಕೆಯ ಸಂಶಯ ಬರಲೇಬೇಕು. ಉಗುರಿನಿಂದ ಕೆರೆದು, ಮೂಸಿ ನೋಡಿ ಇದನ್ನು ಖಚಿತಪಡಿಸಲಾಗದು, ಪ್ರಯೋಗಾಲಯವೇ ಬೇಕು. ಅಲ್ಲಿಯೂ ಒಂದು ವಿಪರ್ಯಾಸ ಕಾದಿದೆ. ಯುರೋಪಿನ ಜೇನುಹುಳಕ್ಕೆ ಹೊಂದಿಸಿದ ಮಾನದಂಡ ಮೇಣದ ಆಮ್ಲಮೌಲ್ಯ 17ರಿಂದ 24 ಇರಬೇಕೆನ್ನುತ್ತದೆ. ನಮ್ಮ ತುಡುವೆ, ಹೆಜ್ಜೇನುಗಳ ಅಪ್ಪಟ ಮೇಣದಲ್ಲಿ ಅದು ಸಹಜವಾಗಿಯೇ ಬಹಳ ಕಡಿಮೆ. ಆ ಅಳತೆಗೋಲು ಹಿಡಿದರೆ ಸೋಲಿಗರ ಶುದ್ಧ ಮೇಣ ನಪಾಸಾಗುತ್ತದೆ. ಆದ್ದರಿಂದ ‘ಶುದ್ಧ’ ಎಂದು ಬರೆಯುವುದಕ್ಕಿಂತ ಯಾವ ಹುಳದ ಮೇಣ, ಯಾವ ಊರಿನದು ಎಂದು ಬರೆಯುವುದು ಹೆಚ್ಚು ಉಪಯುಕ್ತ. ಕೊಳ್ಳುವವರು ಹಣ ಕೊಡಬೇಕಾದದ್ದೂ ಆ ವಿವರಕ್ಕೇ.

ಮನೆಯಲ್ಲಿ ಕೂತು ನಾಲ್ಕು ಕಾಸು ಸಂಪಾದಿಸುವವರ ಮೇಲೆ ಇಷ್ಟೊಂದು ಕಟ್ಟುನಿಟ್ಟು ಯಾಕೆ, ದೊಡ್ಡ ಕಂಪನಿಗಳು ಹೇಳುವ ಸುಳ್ಳಿನ ಮುಂದೆ ಇದೆಷ್ಟು ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ದೊಡ್ಡ ಕಂಪನಿಯ ಹಾಗೆ ಮಾತಾಡತೊಡಗಿದ ದಿನ ಸಣ್ಣವರು ತಮ್ಮ ಒಂದೇ ಒಂದು ಬಂಡವಾಳವನ್ನು ಕೈಬಿಡುತ್ತಾರೆ. ಏನು ಹಾಕಿದ್ದೇನೆಂದು ನೇರವಾಗಿ ಹೇಳಬಲ್ಲ ಶಕ್ತಿಯೇ ಆ ಬಂಡವಾಳ. ಎಲ್ಲ ಚೀಟಿಗಳೂ ಒಂದೇ ಮಾತಾಡಿದರೆ ಕೊಳ್ಳುವವರ ಮುಂದೆ ಉಳಿಯುವುದು ಬೆಲೆಯೊಂದೇ, ಬೆಲೆಯ ಜಿದ್ದಿನಲ್ಲಿ ಪ್ಯಾರಾಫಿನ್ ಬೆರೆಸಿದವರನ್ನು ಎರಿ ಕಾಯಿಸಿದವರು ಸೋಲಿಸಲಾರರು. ಕಾನೂನೂ ಸುಮ್ಮನಿಲ್ಲ. ಪೊಟ್ಟಣ ಕಟ್ಟಿ ಮಾರುವ ಸರಕಿನ ಮೇಲೆ ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ತಿಂಗಳು ವರ್ಷ, ಗರಿಷ್ಠ ಬೆಲೆ ಇರಬೇಕೆಂದು 2011ರ ನಿಯಮಗಳು ಹೇಳುತ್ತವೆ. ‘ನೈಸರ್ಗಿಕ’, ‘ಪರಿಸರಸ್ನೇಹಿ’ಯಂಥ ಸಾರಾಸಗಟು ಮಾತಿಗೆ ಆಧಾರ, ವಿವರಣೆ ಕೊಡಬೇಕೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2024ರ ಮಾರ್ಗಸೂಚಿ ಹೇಳುತ್ತದೆ. ಚೀಟಿಯಲ್ಲಿ ನಾಲ್ಕು ಸಾಲು ಬದಲಿಸಿದರೆ ಮುಗಿಯುವ ಕೆಲಸ ಇದು.

ಹೀಗೆಲ್ಲ ಹೇಳಿದ ಮೇಲೂ ಈ ಡಬ್ಬಿಯ ಪರವಾಗಿ ಹೇಳಬೇಕಾದದ್ದು ಬೇಕಾದಷ್ಟಿದೆ. ಪಾಲಿಯುರೆಥೇನ್ ಪದರ ಒಮ್ಮೆ ಸಿಪ್ಪೆ ಎದ್ದರೆ ಪೂರ್ತಿ ಉಜ್ಜಿ ತೆಗೆದು ಹೊಸದಾಗಿ ಬಳಿಯಬೇಕು, ಮನೆಯವರ ಕೈಯಲ್ಲಾಗದ ಕೆಲಸ. ಮೇಣ ಸವೆದಲ್ಲಿ ಸವೆದಷ್ಟಕ್ಕೇ ಮತ್ತೆ ಹಚ್ಚಬಹುದು. ಹತ್ತಿ ಬಟ್ಟೆ, ಬಿಡುವು, ಅಷ್ಟೇ ಬೇಕು. ಬಿಗಿಯಾದ ಡ್ರಾಯರು ಜಾರಲು, ಸಣ್ಣ ಗೀರು ಮರೆಯಾಗಲು, ಕೈಯಲ್ಲಿ ಹಿಡಿಯುವ ವಸ್ತು ನುಣುಪಾಗಲು ಇದಕ್ಕೆ ಸಾಟಿಯಿಲ್ಲ. ಚೆನ್ನೆಮಣೆ, ಮಗುವಿನ ತೊಟ್ಟಿಲು, ಆಟಿಕೆ, ಪುಸ್ತಕದ ಪೀಠ, ಚೌಕಟ್ಟು, ಬಾಚಣಿಗೆ ಇವೆಲ್ಲ ಮೇಣದ ವಸ್ತುಗಳು. ಊಟದ ಮೇಜು, ಸಿಂಕಿನ ಪಕ್ಕದ ಹಲಗೆ, ಹೊರಬಾಗಿಲು, ಮಳೆಗಾಲದಲ್ಲಿ ಬೂಷ್ಟು ಹಿಡಿಯುವ ಮೂಲೆಯ ಕಪಾಟು ಮೇಣದವಲ್ಲ. ಇನ್ನೊಂದು ಮಾತನ್ನೂ ಮಾರುವವರು ಹೇಳಿಬಿಡಬೇಕು: ಒಮ್ಮೆ ಮೇಣ ಹಚ್ಚಿದ ಮರಕ್ಕೆ ಮುಂದೆ ವಾರ್ನಿಷ್ ಹಿಡಿಯುವುದಿಲ್ಲ, ಮೊದಲು ಟರ್ಪಂಟೈನಿನಿಂದ ಮೇಣವನ್ನೆಲ್ಲ ತೊಳೆದು ತೆಗೆಯಬೇಕಾಗುತ್ತದೆ. ಕೊಳ್ಳುವವರು ಮುಚ್ಚಳ ತೆರೆದು ಮೂಸುವ ಮೊದಲು ಡಬ್ಬಿಯನ್ನು ತಿರುಗಿಸಿ ಓದಲಿ. ಎಣ್ಣೆಯ ಹೆಸರು, ಮೇಣದ ಮೂಲ, ತಯಾರಾದ ತಿಂಗಳು, ಮತ್ತೆ ಹಚ್ಚಬೇಕಾದ ಅವಧಿ ಇಷ್ಟು ಬರೆದಿರುವ ಡಬ್ಬಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟಾದರೂ ಕೊಳ್ಳಿ, ಬರೆಯದ್ದನ್ನು ಅಲ್ಲೇ ಬಿಟ್ಟು ಬನ್ನಿ.